ನಾಳೆ ಮೇಡಂ

ಸಂಧಾನ ಕೇಂದ್ರದ ಗುಮಾಸ್ತರು ಅಲ್ಲಿನ ಹಿರಿಯ ಸಂಧಾನಕಾರರಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು ನಾಳೆ ಮೇಡಂ. ಮೇಡಂಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಕಿತ್ತಾಡಿಕೊಂಡು ಬಂದವರು ಎಷ್ಟೇ ಚೆನ್ನಾಗಿ ರಾಜಿಯಾಗಲಿ, ಅದೇ ದಿನ ಸಹಿ ಹಾಕಲು ಅವರು ಬಿಡುತ್ತಿರಲಿಲ್ಲ. "ಮನೆಗೆ ಹೋಗಿ, ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ನಾಳೆನೂ ಇದೇ ಮನಸ್ಸಿದ್ರೆ ಬನ್ನಿ, ಸಹಿ ಮಾಡಿಸ್ತೀನಿ." ಹದಿನಾಲ್ಕು ವರ್ಷದಲ್ಲಿ ಅವರು ಮಾಡಿಸಿದ ಒಂದು ರಾಜಿಯೂ ಮುರಿದುಬಿದ್ದಿರಲಿಲ್ಲ. ಹೊಸ ಸಂಧಾನಕಾರರಿಗೆ ಪಾಠ ಮಾಡುವಾಗ ಈ ಸಂಗತಿಯನ್ನು ಎರಡೆರಡು ಸಲ ಹೇಳುತ್ತಿದ್ದರು.

ಕಾನೂನು ಬದಲಾದ ಮೇಲೆ ಕೇಂದ್ರದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ವ್ಯಾಪಾರದ ಜಗಳ ಈಗ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಇಲ್ಲಿ ಕೂತು ಮಾತಾಡಬೇಕು, ಆಗದಿದ್ದರೆ ಆಮೇಲೆ ಕೋರ್ಟು. ಹಾಗೆ ಬಂದವರು ಆ ಅಣ್ಣ ತಂಗಿ. ಇಬ್ಬರೂ ಸೇರಿ ಕೃತಕ ಕಾಲು ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲೊಂದು ಹೊಸ ಮಂಡಿ ತಯಾರಾಗಿತ್ತು. ಅದನ್ನು ಹಾಕಿಕೊಂಡವರು ಪಕ್ಕದ ಕಂಬಿ ಹಿಡಿಯದೆ ಮೆಟ್ಟಿಲು ಇಳಿಯಬಹುದು. ಅಣ್ಣ ಅದನ್ನು ತನ್ನೊಬ್ಬನ ಹೆಸರಿನಲ್ಲಿ ನೋಂದಾಯಿಸಲು ಅರ್ಜಿ ಹಾಕಿದ್ದ. ಕಂಡುಹಿಡಿದವಳು ನಾನು, ನನ್ನ ಹೆಸರು ಬೇಕು ಅಂತ ತಂಗಿ.

ಪುರಾವೆ ಕೇಳಿದರೆ ಅವಳ ಹತ್ತಿರ ಏನೂ ಇಲ್ಲ. ಅವಳದು ಕೆಲಸದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚುವ ಅಭ್ಯಾಸ. ಸಂಜೆಯಾದರೆ ಒದ್ದೆ ಬಟ್ಟೆಯಿಂದ ಒರೆಸಿ ಮನೆಗೆ ಹೋಗುವವಳು. ಒರೆಸುವ ಮುಂಚೆ ಅದನ್ನೆಲ್ಲ ಕಾಗದಕ್ಕೆ ಇಳಿಸುತ್ತಿದ್ದವನು ಅಣ್ಣ, ಕೆಳಗೆ ತಾರೀಖು ಹಾಕಿ, ಸಹಿ ಮಾಡಿ.

ಮೊದಲ ದಿನ ಮೇಡಂ ಎಂದಿನಂತೆ ಶುರು ಮಾಡಿದರು. "ಇಲ್ಲಿ ಆಡಿದ ಮಾತು ಈ ಬಾಗಿಲು ದಾಟೋದಿಲ್ಲ. ಯಾರೂ ಅದನ್ನ ಕೋರ್ಟಲ್ಲಿ ಎತ್ತೋ ಹಾಗಿಲ್ಲ, ನಾನೂ ಸೇರಿ. ಅದಕ್ಕೇ ಮನಸ್ಸು ಬಿಚ್ಚಿ ಮಾತಾಡಿ."

ಮೂರು ಗಂಟೆ ಅವರು ಬಾಲ್ಯದ ಸೈಕಲ್ಲಿನಿಂದ ಹಿಡಿದು ಎಲ್ಲವನ್ನೂ ಕೆದಕಿದರು. ಮೇಡಂ ಕೇಳುತ್ತ ಕೂತಿದ್ದು, ಕೊನೆಗೆ ಅಣ್ಣನಿಗೆ ಒಂದೇ ಪ್ರಶ್ನೆ ಹಾಕಿದರು. "ಮೆಟ್ಟಿಲು ಇಳಿಯೋವಾಗ ಮಂಡಿ ಬಿಗಿಯಾಗಬೇಕು ಅಂತ ಮೊದಲು ಹೊಳೆದದ್ದು ಯಾರಿಗೆ?"

ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಮತ್ತೆ ಒರೆಸಿದ. "ಇವಳಿಗೆ. ನಾನು ಬರೀ ನೀಟಾಗಿ ಬರೆದೆ ಮೇಡಂ. ಎಲ್ಲ ಇವಳದ್ದೇ."

ತಂಗಿ ಗಳಗಳ ಅತ್ತಳು. "ಇಷ್ಟು ಹೇಳಿದ್ಯಲ್ಲ ಅಣ್ಣ, ಸಾಕು. ನನ್ನ ಹೆಸರು ಸೇರಿಸು, ನಿನ್ನದೂ ಇರ್ಲಿ."

ಅಣ್ಣನ ಕಣ್ಣಲ್ಲೂ ನೀರು. ಮೇಜಿನ ಮೇಲಿದ್ದ ಪೆನ್ನಿಗೆ ಅವನೇ ಕೈ ಚಾಚಿದ. "ಕಾಗದ ಕೊಡಿ ಮೇಡಂ. ಈಗಲೇ ಬರೆದು ಸಹಿ ಹಾಕ್ತೀನಿ."

ಮೇಡಂ ನಕ್ಕು, ಪೆನ್ನನ್ನು ತಮ್ಮ ಕಡೆ ಎಳೆದುಕೊಂಡು ಮುಚ್ಚಳ ಹಾಕಿದರು. "ನಾಳೆ."

ಮರುದಿನ ಅಣ್ಣ ವಕೀಲರನ್ನು ಕರೆದುಕೊಂಡು ಬಂದ, ಕುರ್ಚಿಯಲ್ಲಿ ಕೂರಲೂ ಇಲ್ಲ. "ಯೋಚನೆ ಮಾಡಿದೆ. ಮಂಡಿ ನಂದು. ರಾಜಿ ಬೇಡ."

"ನಿನ್ನೆ ಏನಂದೆ?" ತಂಗಿ ಎದ್ದು ನಿಂತಳು.

"ನಿನ್ನೆಯದು ಬಾಗಿಲು ದಾಟಲ್ಲ ಅಂತ ಮೇಡಮ್ಮೇ ಹೇಳಿದ್ರಲ್ಲ," ಎಂದ ಅಣ್ಣ, ತಂಗಿಯ ಮುಖ ನೋಡದೆ. ವಕೀಲರು ಹೌದು ಹೌದು ಎಂದು ತಲೆಯಾಡಿಸಿದರು.

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಬುದ್ಧಿ ಹೇಳಿದರು, ಅಂಗಲಾಚಿದರು, ಕೂತಾದರೂ ಮಾತಾಡಿ ಎಂದು ದನಿ ಏರಿಸಿದರು. ಅಣ್ಣ ಗಡಿಯಾರ ನೋಡಿಕೊಂಡು ಹೊರಟೇಹೋದ. ಬೈಯಬೇಕೆಂದರೆ ಯಾರನ್ನು ಬೈಯುವುದು? ಗುಟ್ಟು ಕಾಯುವ ಆ ಕಾನೂನಿನ ಕಲಮು ಇಲ್ಲದಿದ್ದರೆ ಅವನು ನಿನ್ನೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಕಲಮು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಪೆನ್ನಿಗೆ ಮುಚ್ಚಳ ಹಾಕಿದ್ದು ಕಾನೂನಲ್ಲ.

ತಂಗಿ ಹೋಗಲಿಲ್ಲ. "ಮೇಡಂ, ನೀವು ಕೋರ್ಟಿಗೆ ಬಂದು ಒಂದೇ ಒಂದು ಮಾತು ಹೇಳಿ."

"ಹೇಳೋ ಹಾಗಿಲ್ಲಮ್ಮ."

"ನೀವು ಕೇಳಿಸಿಕೊಂಡ್ರೋ ಇಲ್ವೋ?"

ಮೇಡಂ ವರದಿಯ ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅವನೇ ಪೆನ್ನು ಕೇಳಿದ," ಎಂದಳು ತಂಗಿ. ಈಗ ಅವಳು ಅಳುತ್ತಿರಲಿಲ್ಲ. "ನೀವು ಚೆನ್ನಾಗಿ ನಿದ್ದೆ ಮಾಡಿ ಬಾ ಅಂದ್ರಿ. ಮಾಡಿ ಬಂದ." ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲನ್ನು ದಡಾರನೆ ಹಾಕಿದ್ದರೆ ಮೇಡಂಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮೆಲ್ಲಗೆ ಮುಚ್ಚಿದಳು.

ವರದಿಯ ನಮೂನೆಯಲ್ಲಿ ಎರಡೇ ಚೌಕ: ರಾಜಿ ಆಯಿತು, ಆಗಲಿಲ್ಲ. ಕಾರಣ ಬರೆಯತಕ್ಕದ್ದಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆ ಸಾಲು ಇರಲೇಬೇಕು ಎಂದು ಸಭೆಯಲ್ಲಿ ಪಟ್ಟು ಹಿಡಿದವರು ಈ ಮೇಡಮ್ಮೇ. ಎರಡನೇ ಚೌಕದಲ್ಲಿ ಗುರುತು ಹಾಕುವಾಗ ಪೆನ್ನು ಕಾಗದ ಹರಿದು ಮೇಜಿಗೆ ತಾಗಿತು. ಗುಮಾಸ್ತ ಏನೂ ಕೇಳದೆ ಇನ್ನೊಂದು ಪ್ರತಿ ತಂದುಕೊಟ್ಟ.

ಮಧ್ಯಾಹ್ನ ಬಂದವರು ಒಂದೇ ಗೋಡೆಯ ಆಚೆ ಈಚೆ ಅಂಗಡಿ ಇಟ್ಟಿದ್ದ ಇಬ್ಬರು, ಒಬ್ಬ ಬಡಗಿ, ಒಬ್ಬ ಕ್ಷೌರಿಕ. ಗರಗಸದ ಸದ್ದಿಗೆ ಗಿರಾಕಿಗಳು ಓಡಿಹೋಗುತ್ತಿದ್ದಾರೆ ಎನ್ನುವುದು ಕ್ಷೌರಿಕನ ದೂರು. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟೋದಿಲ್ಲ, ಎಂದು ಶುರು ಮಾಡಿದ ಮೇಡಂ ನಡುವೆ ನಿಲ್ಲಿಸಿ ನೀರು ಕುಡಿದರು. ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಇಬ್ಬರ ನಡುವೆ ಇಟ್ಟರು.

"ಇನ್ನೊಂದು ಮಾತು. ಒಪ್ಪಿಗೆ ಆದ್ರೆ ಇವತ್ತೇ ಸಹಿ. ನಾಳೆ ಅನ್ನೋ ಮಾತೇ ಇಲ್ಲ."

"ಇದೇನ್ ಮೇಡಂ?" ಬಡಗಿ ನಕ್ಕ. "ನೀವು ಒಂದು ದಿನ ಟೈಮ್ ಕೊಡ್ತೀರ ಅಂತಿದ್ರು. ಯಾಕೆ, ಏನಾಯ್ತು?"

ಅದನ್ನೂ ಮೇಡಂ ಹೇಳುವಂತಿರಲಿಲ್ಲ.