ಉಡಿಯಲ್ಲಿ ಹೋದ ಜೋಳ

ತೆನೆ ಅಂಗೈ ತುಂಬುತ್ತಿದೆ, ತುಂಬಬಾರದಿತ್ತು, ಇದು ಇಟಗಿಯ ಹೊಲ, ಇಲ್ಲಿ ಬಿತ್ತಬೇಕಾದದ್ದು ಮನೆಯ ಹಳೇ ಜೋಳ, ಹೊಸ ತಳಿ ಕೊಟ್ಟದ್ದು ಮುಶಿಗೇರಿಗೆ, ಎರಡನ್ನೂ ಹೋಲಿಸಿ ಯಾವುದು ಮೇಲು ಅಂತ ತೋರಿಸುವುದೇ ಅಲ್ಲವೇ ನನ್ನ ಮೂರು ವರ್ಷದ ಕೆಲಸ, ಆದರೆ ಟೇಪು ಹಿಡಿದರೆ ಇಲ್ಲಿಯ ತೆನೆಯೂ ಅಷ್ಟೇ ಉದ್ದ, ಅದೇ ದುಂಡು ಕಾಳು, ಅನ್ನಪೂರ್ಣಾ, ಕಣ್ಣು ತಿಕ್ಕಿಕೊಂಡು ಇನ್ನೊಮ್ಮೆ ನೋಡು ಮಾರಾಯ್ತಿ — ಅಷ್ಟೇ ಉದ್ದ. ಅಂದರೆ ವರದಿಯಲ್ಲಿ ಏನು ಬರೆಯಲಿ, ಹೊಸ ತಳಿಯಿಂದ ಏನೂ ಲಾಭವಿಲ್ಲ ಅಂತಲೇ, ಹಾಗೆ ಬರೆದರೆ ಬೀಜ ಗೋದಾಮು ಸೇರಿತು, ಅತ್ತ ಮುಶಿಗೇರಿಯವರು ಮುಂದಿನ ಹಿಂಗಾರಿಗೂ ಇದನ್ನ ಕೊಡ್ರಿ ಅಕ್ಕಾರ ಅಂತ ಬೆನ್ನು ಹತ್ತಿದ್ದಾರೆ. ಏನೆಲ್ಲ ಯೋಚಿಸಿದ್ದೆ ಸುರುವಿಗೆ, ಗಜೇಂದ್ರಗಡದ ಲಾಡ್ಜಿನ ಮಂಚದ ಮೇಲೆ ನಕಾಶೆ ಹರವಿಕೊಂಡು, ಗಾಳಿಯಲ್ಲಿ ಪರಾಗ ಹಾರಿಬಂದು ತಳಿ ಬೆರೆಯದ ಹಾಗೆ ಊರೂರಿನ ನಡುವೆ ಅಂತರ, ಹಂದಿಗೆ ಬೇಲಿ, ಹಕ್ಕಿಗೆ ಹೊಳೆಯುವ ಪಟ್ಟಿ, ಸಭೆ ಕರೆದು ಕೈಮುಗಿದು ಹೇಳಿದ್ದೆ, ಬೀಜ ಯಾರಿಗೂ ಕೊಡಬೇಡಿ, ಕೊಟ್ಟ ಮನೆಯನ್ನು ಯೋಜನೆಯಿಂದ ಕೈಬಿಡುತ್ತೇವೆ ಅಂತ, ಹೌದ್ರಿ ಹೌದ್ರಿ ಅಂದರು ಎಲ್ಲರೂ, ಮುಂದಿನ ಸಾಲಿನಲ್ಲಿ ಕೂತ ಮುಶಿಗೇರಿಯ ಸುಶೀಲವ್ವನ ದನಿಯೇ ಎಲ್ಲಕ್ಕಿಂತ ದೊಡ್ಡದು. ಈಗ ಅವಳ ಅಳಿಯನ ಹೊಲದಲ್ಲೇ ಇದು! ಕಳ್ಳತನವೇ, ಮತ್ತೇನು, ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ, ದುರಗೇಶ, ಎಲ್ಲಿಂದ ತಂದೆಯೋ ಈ ಬೀಜ, ಅವನ ಹೆಂಡತಿ ಮೇಘಾ ಮುಂದೆ ಬಂದಳು, ತನ್ನ ಮನಸ್ಸಿಗೆ ಬಂದವನನ್ನು ಕಟ್ಟಿಕೊಂಡಳು ಅಂತ ಸುಶೀಲವ್ವ ವರ್ಷಗಟ್ಟಲೆ ಹೊಸ್ತಿಲು ತುಳಿಯಗೊಡದ ಮಗಳು, ಕಳೆದ ದಸರೆಗೆ ಮೊದಲ ಸಲ ಒಳಗೆ ಕರೆದಳಂತೆ, ಹೊರಡುವಾಗ ಸೆರಗಿಗೆ ಕಾಳು ಹಾಕಿ ಉಡಿ ತುಂಬಿದಳಂತೆ, ಮನೆಯಲ್ಲಿ ಎಲ್ಲಕ್ಕಿಂತ ಚಲೋ ಕಾಳು ಅಂದರೆ ನಾನು ಕೊಟ್ಟ ಚೀಲದ್ದೇ. ಬೀಸಿ ರೊಟ್ಟಿ ಮಾಡಾಕ ಮನಸ ಬರ್ಲಿಲ್ರಿ ಅಕ್ಕಾರ, ನಮ್ಮವ್ವ ಉಡಿಗೆ ಹಾಕಿದ ಕಾಳರಿ, ಹೊಲಕ್ಕ ಹಾಕಿದ್ವಿ. ಭೇಷ್ ಅನ್ನಪೂರ್ಣಾ, ಗಾಳಿಯನ್ನು ಯೋಚಿಸಿದೆ, ಹಂದಿಯನ್ನು ಯೋಚಿಸಿದೆ, ತವರಿಗೆ ಬಂದು ಹೋಗುವ ಹೆಣ್ಣುಮಗಳನ್ನು ಯೋಚಿಸಲಿಲ್ಲ, ನೀನೂ ಒಬ್ಬ ತಾಯಿಯ ಮಗಳೇ ಅಲ್ಲವೇ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಧಾರವಾಡಕ್ಕೆ ಫೋನು ಹಚ್ಚಿದ್ದೇನೆ, ನಮ್ಮ ಮುಖ್ಯಸ್ಥರಿಗೆ, ಹಂದಿ ಹೊಕ್ಕು ಹಾಳಾಯಿತು ಸರ್ ಅಂದುಬಿಟ್ಟರೆ ಸಾಕು, ಈ ಹೊಲ ಲೆಕ್ಕದಿಂದ ಹೊರಗೆ, ಸುಶೀಲವ್ವ ಯೋಜನೆಯ ಒಳಗೆ, ಯಾರಿಗೂ ಗೊತ್ತಾಗುವುದಿಲ್ಲ — ಬಾಯಿ ತೆರೆದರೆ ಖರೇನೇ ಬಂತು, ಉಡಿ ತುಂಬಿದ್ದು, ಬಿತ್ತಿದ್ದು ಎಲ್ಲ, ಇದನ್ನು ಹೋಲಿಕೆಗೆ ಹಿಡಿಯುವ ಹಾಗಿಲ್ಲ ಸರ್, ಇನ್ನೊಂದು ಹಂಗಾಮು ಬೇಕು, ಆ ತಾಯಿಯನ್ನು ಮಾತ್ರ ಯೋಜನೆಯಿಂದ ಕೈಬಿಡಬೇಡಿ. ಸರ್ ಅಂದರು, ಉಡಿ ಅಂದ್ರ ಐದ ಹಿಡಿ ಅಲ್ಲೇನ್ರಿ, ಐದ ಹಿಡ್ಯಾಗ ಇಡೀ ಹೊಲಾ ಹ್ಯಾಂಗ ಬಿತ್ಯಾರ, ನಿಮ್ಮನ್ನ ಮಳ್ಳ ಮಾಡಾಕತ್ತಾರ, ಚೀಲಾನ ಹೋಗೇತಿ, ಎರಡೂ ಮನೀ ಕೈಬಿಡ್ರಿ. ಹೌದಲ್ಲ, ಆ ಬದುವಿನಿಂದ ಈ ಬದುವಿನವರೆಗೆ ಒಂದೇ ಸಮ ನಿಂತಿದೆ ಬೆಳೆ, ಐದು ಹಿಡಿಗೆ ನಾಲ್ಕು ಸಾಲೂ ದಾಟುವುದಿಲ್ಲ, ನಂಬಿಬಿಟ್ಟೆನೇ ನಾನು, ಅಷ್ಟು ಲಗೂ ಕರಗಿಬಿಟ್ಟೆನೇ, ಫೋನು ಕಿವಿಗೆ ಹಿಡಿದುಕೊಂಡೇ ತಿರುಗಿದೆ, ಮೇಘಾ, ಉಡಿಗೆ ಹಾಕುವುದು ಐದೇ ಹಿಡಿ ಅಲ್ಲವೇನೇ. ಅವಳು ಸೆರಗನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಐದಕ್ಕ ನಿಂದರಬೇಕ್ರಿ, ಅವ್ವ ನಿಂದರಲೇ ಇಲ್ರಿ. ಫೋನಿನಲ್ಲಿ ಸರ್ ಹಲೋ ಹಲೋ ಅನ್ನುತ್ತಿದ್ದಾರೆ, ಹೇಳಬೇಕು, ಹ್ಯಾಂಗ ಹೇಳಲಿ ಇದನ್ನು, ಹಲೋ ಅನ್ನಪೂರ್ಣಾ ಅವರ, ಕಣ್ಣ ಮುಂದೆ ಆ ದಸರೆಯ ದಿನ, ಸೆರಗು ಭಾರಕ್ಕೆ ಜಗ್ಗುತ್ತಿದೆ, ಸುಶೀಲವ್ವ ತಲೆ ಎತ್ತುತ್ತಿಲ್ಲ, ಕೈ ಚೀಲಕ್ಕೆ ಇಳಿಯುತ್ತದೆ, ಮೇಲೆ ಬರುತ್ತದೆ, ಸಾಕ ಬಿಡಬೇ ಅಂದರೂ ಇಳಿಯುತ್ತದೆ, ಮತ್ತೆ ಇಳಿಯುತ್ತದೆ