ಜೋಡೆತ್ತಿನ ಗೋದಲಿ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಮಣ್ಣೆತ್ತು ಮಾಡುವುದರಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ಜಂಬ ಅನ್ನುವವರು ಅನ್ನಲಿ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಹದಿನೈದು ಮನೆಯವರು ಕೆರೆಯ ಮಣ್ಣು ತಂದು ನನ್ನ ಪಡಸಾಲೆಯಲ್ಲಿ ಸುರಿದು, "ಬಸಕ್ಕ, ನಮ್ಮವೊಂದು ಜೋಡಿ" ಎಂದು ಹೇಳಿ ಹೋಗುತ್ತಾರೆ. ಡುಬ್ಬ, ಕೋಡು, ಬಾಲ ಎಲ್ಲ ಹೇಳಿ ಮಾಡಿಸಿದ ಹಾಗೆ ಬರುತ್ತವೆ. ಇಂಥ ಕೈಯಿಂದಲೇ ಎಪ್ಪತ್ತೊಂಬತ್ತನೇ ಇಸವಿಯ ಕ್ರಿಸ್‌ಮಸ್ ಹಬ್ಬದ ದಿನ ನಾನೊಂದು ಘನಂದಾರಿ ಕೆಲಸ ಮಾಡಿದೆ. ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ.

ಆ ವರ್ಷ ನಮ್ಮ ಮುಂದಿನ ಕೋಣೆಯಲ್ಲಿ ಲೂರ್ದು ಮೇರಿ ಎಂಬ ಟೀಚರ್ ಬಾಡಿಗೆಗಿದ್ದಳು. ಬಳ್ಳಾರಿಯ ಹುಡುಗಿ, ಇಪ್ಪತ್ತಮೂರು ವರ್ಷ, ಮೊದಲ ನೌಕರಿ. ಬಂದ ಹೊಸದರಲ್ಲಿ ನನ್ನ ಮಾತಿನ ಜೋರಿಗೆ ಹೆದರುತ್ತಿದ್ದಳು. ಆರು ತಿಂಗಳಲ್ಲಿ ನನ್ನ ಒಲೆ ಮುಂದೆ ಕೂತು ರೊಟ್ಟಿ ಬಡಿಯುವಷ್ಟಾದಳು. ನನಗೆ ಮಕ್ಕಳಿಲ್ಲ. ಅದನ್ನು ಹೇಳಿಕೊಂಡು ಅಳುವ ಹೆಂಗಸು ನಾನಲ್ಲ, ಆದರೆ ಆ ಹುಡುಗಿ ಸಂಜೆ ಸಾಲೆಯಿಂದ ಬರುವುದು ಅರ್ಧ ಗಂಟೆ ತಡವಾದರೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಡಿಸೆಂಬರ್ ಹದಿನೈದರ ಸುಮಾರಿಗೆ ಅವಳ ಅಪ್ಪನ ಕಾಗದ ಬಂತು. ಓದಿದವಳೇ ನನ್ನ ಅಡಿಗೆಮನೆಗೆ ಬಂದು ಕಂಬಕ್ಕೆ ಒರಗಿ ನಿಂತಳು. ಕಣ್ಣು ತುಂಬಿದ್ದವು.

"ಅಕ್ಕ, ಇಪ್ಪತ್ತಾರಕ್ಕ ಸಾಲಿಗಿ ಇನ್‌ಸ್ಪೆಕ್ಷನ್ ಐತಿ, ಹಬ್ಬಕ್ಕ ಬರಾಕ ಆಗಂಗಿಲ್ಲ ಅಂತ ಬರೆದಿದ್ದೆ. ಅದಕ್ಕ ಅಪ್ಪನ ಇಲ್ಲಿಗೆ ಬರ್ತಾನಂತ. ಮನ್ಯಾಗ ನಕ್ಷತ್ರ, ಗೋದಲಿ ಇದ್ರ ಸರಿ. ನಮ್ಮ ಹಬ್ಬ ಮರೆತು ಕುಂತಿದ್ರ ನೌಕರಿ ಸಾಕು, ನನ್ನ ಜೋಡಿ ಹೊಂಟು ಬಾ ಅಂತ ಬರೆದಾನ."

"ನಿನಗೇನು ಬೇಕು, ಅದನ್ನ ಹೇಳು."

"ನನಗ ಈ ನೌಕರಿ ಬೇಕಕ್ಕ. ಮೂರನೇ ಕ್ಲಾಸಿನ ಹುಡುಗ್ರು ಈಗಷ್ಟ ಅಕ್ಷರ ಕೂಡಿಸಿ ಓದಾಕ ಹತ್ಯಾವ. ಬಿಟ್ಟು ಹ್ಯಾಂಗ ಹೋಗ್ಲಿ?"

"ಹಂಗಾದ್ರ ಅಳೋದು ಯಾಕ? ಗೋದಲಿ ಅಂದ್ರ ದನಕ್ಕ ಮೇವು ಹಾಕೋದಲ್ಲೇನು?"

"ಹೌದಕ್ಕ. ದೇವರ ಮಗನ್ನ ತಾಯಿ ಅದರಾಗ ಮಲಗಿಸಿದ್ಲು. ಅದಕ್ಕ ಸಣ್ಣದೊಂದು ಕೊಟ್ಟಿಗಿ ಮಾಡಿ, ಕೂಸು, ತಾಯಿ, ತಂದಿ, ಕುರಿ ಕಾಯೋರು, ಮೂರು ಮಂದಿ ರಾಜರು, ಎತ್ತು, ಕತ್ತೆ ಎಲ್ಲಾ ಇಡ್ತೀವಿ. ನಲವತ್ತು ವರ್ಷದಿಂದ ನಮ್ಮಪ್ಪ ತನ್ನ ಕೈಯಾರೆ ಮಾಡ್ತಾನ. ನನಗ ಒಂದು ಕುರಿನೂ ಮಾಡಾಕ ಬರಂಗಿಲ್ಲ."

"ಕೊಟ್ಟಿಗಿ, ಎತ್ತು ಅಂದ್ರ ಅದು ನನ್ನ ಕೆಲಸ. ನೀ ಆ ನಕ್ಷತ್ರ ನೋಡ್ಕೋ ಹೋಗು" ಎಂದೆ.

ಮರುದಿನವೇ ಕೆರೆಯ ಮಣ್ಣು ತರಿಸಿದೆ. ಲೂರ್ದು ಬಿದಿರು ದಬ್ಬೆ ಸೀಳಿ ನಕ್ಷತ್ರದ ಐದು ಮೂಲೆ ಕಟ್ಟಿದಳು, ಮೈದಾ ಹಿಟ್ಟಿನ ಅಂಟು ಕಾಯಿಸಿ ಗಾಳಿಪಟದ ಕೆಂಪು, ಹಳದಿ ಹಾಳೆ ಮೆತ್ತಿದಳು. ಹಿಟ್ಟಿನ ಗಿರಣಿಯಿಂದ ಬಂದ ನಮ್ಮ ಯಜಮಾನರು ಒಂದು ವೈರು ಎಳೆದು ಒಳಗೆ ಬಲ್ಬು ಕೂರಿಸಿದರು. ಗೋದಲಿಯ ಮುಂದೆ ಹಸಿರು ಬೇಕು ಎಂದಾಗ ತೆಂಗಿನ ಚಿಪ್ಪುಗಳಲ್ಲಿ ಜೋಳ ಹಾಕಿದೆವು. ನಾಲ್ಕೇ ದಿನಕ್ಕೆ ಮೊಳಕೆ ತಲೆ ಎತ್ತಿತು.

ಕುರಿ ಕಾಯುವವರಿಗೆ ನಮ್ಮ ಕಡೆಯ ಹಾಗೆ ಕಂಬಳಿ ಹೊದಿಸಿದೆ. ರಾಜರನ್ನು ನಾನೆಲ್ಲಿ ಕಂಡಿದ್ದೆ? ರುಮಾಲು ಸುತ್ತಿ, ಮೀಸೆ ತಿರುವಿ ನಿಲ್ಲಿಸಿದೆ. ಮೂವರೂ ಎಮ್ಮೆ ವ್ಯಾಪಾರಕ್ಕೆ ಸಂತೆಗೆ ಹೊರಟವರ ಹಾಗೆ ಕಂಡರು. ಲೂರ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕತ್ತೆ ಮಾತ್ರ ನನ್ನ ಕೈಗೆ ಬರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಎಮ್ಮೆಗರುವೇ ಆಯಿತು. ಹಾಳಾಗಿ ಹೋಗಲಿ ಎಂದು ಅದರ ಜಾಗಕ್ಕೆ ಇನ್ನೊಂದು ಎತ್ತು ನಿಲ್ಲಿಸಿ ಜೋಡಿ ಮಾಡಿಬಿಟ್ಟೆ. ಒಂಟಿ ಎತ್ತು ನಿಲ್ಲಿಸುವ ಮನೆ ನಮ್ಮದಲ್ಲ.

ಇಪ್ಪತ್ತನಾಲ್ಕರ ಸಂಜೆ ಲೂರ್ದು ತಲೆಗೆ ಸೆರಗು ಹೊದ್ದು, ಸಣ್ಣ ದನಿಯಲ್ಲಿ ಹಾಡು ಹೇಳುತ್ತ ತನ್ನ ಕೋಣೆಯ ಹಲಗೆಯ ಮೇಲಿಟ್ಟ ಕೊಟ್ಟಿಗೆಯಲ್ಲಿ ಕೂಸನ್ನು ಹುಲ್ಲಿನ ಮೇಲೆ ಮಲಗಿಸಿದಳು. ನಾನು ಸುಮ್ಮನೆ ಕೂರುವವಳೇ? ಊದುಬತ್ತಿ ಹಚ್ಚಿ, ಸೇವಂತಿಗೆ ಏರಿಸಿ ಕೈಮುಗಿದೆ. ಅವಳು ಬೇಡ ಅನ್ನಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ, "ಬಸಕ್ಕ, ಎತ್ತು ಭಾಳ ಚಂದ ಬಂದಾವ" ಎಂದು ಹೋದರು.

ಮರುದಿನ ಹನ್ನೊಂದು ಗಂಟೆಗೆ ಲೂರ್ದು ಅಪ್ಪನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದಳು. ಗಡಿಬಿಡಿಯಲ್ಲಿ ಗೋದಲಿ ಇದ್ದ ಹಾಗೇ ಇತ್ತು. ಹೂವು ಬಾಡಿದ್ದವು. ಅಯ್ಯೋ ಶಿವನೇ, ಈ ಹುಡುಗಿ ಮರೆತೇ ಹೋದಳಲ್ಲ ಎಂದುಕೊಂಡೆ. ನಮ್ಮಲ್ಲಿ ಪೂಜೆಯಾದ ಮಣ್ಣೆತ್ತನ್ನು ಮರುದಿನ ನೀರಿಗೆ ಬಿಡಬೇಕು. ಒಣಗಿ, ಒಡೆದು, ಕಾಲಿಗೆ ಸಿಗುವ ಹಾಗೆ ಇಟ್ಟುಕೊಳ್ಳಬಾರದು. ಬರುವವನೋ ಕಟ್ಟುನಿಟ್ಟಿನ ಮನುಷ್ಯ. ಬಾಡಿದ ಪೂಜೆ ಕಣ್ಣಿಗೆ ಬಿದ್ದರೆ ಮಗಳಿಗೆ ಪದ್ಧತಿಯೇ ಗೊತ್ತಿಲ್ಲ ಎಂದು ಟ್ರಂಕು ಕಟ್ಟಿಸುತ್ತಾನೆ. ತಡ ಮಾಡದೆ ಎಲ್ಲರನ್ನೂ ಬುಟ್ಟಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದೆ. ಕಾಯಿ ಒಡೆದು, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಒಬ್ಬೊಬ್ಬರನ್ನಾಗಿ ಬಿಟ್ಟೆ. ಎಂಥ ದೊಡ್ಡ ಸಹಾಯ ಮಾಡಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಹನ್ನೆರಡೂವರೆಗೆ ಅಪ್ಪ ಮಗಳು ಬಂದರು. ರಾಯಪ್ಪ ಎಂದು ಅವರ ಹೆಸರು, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಅಂಗಿ. ಬಾಗಿಲಲ್ಲಿ ತೂಗುತ್ತಿದ್ದ ನಕ್ಷತ್ರ ನೋಡಿ ಮುಖ ಸ್ವಲ್ಪ ಸಡಿಲವಾಯಿತು.

"ಒಳಗ ಬಾಪ್ಪ, ಇನ್ನ ನೋಡೋದೈತಿ" ಎಂದು ಲೂರ್ದು ಅವರ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ಹಲಗೆಯ ಮೇಲೆ ಖಾಲಿ ಕೊಟ್ಟಿಗೆ, ಮುಂದೆ ಜೋಳದ ಸಸಿ. ಒಂದು ನರಪಿಳ್ಳೆ ಇಲ್ಲ.

"ಎಲ್ಲಿ?" ಎಂದರು ರಾಯಪ್ಪ.

ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋಗಿ, "ಏನೂ ಚಿಂತಿ ಮಾಡಬ್ಯಾಡ್ರಿ. ಪದ್ಧತಿ ಪ್ರಕಾರ ಕಾಯಿ ಒಡೆದು ನೀರಿಗಿ ಬಿಟ್ಟು ಬಂದೀನಿ" ಎಂದೆ.

ಲೂರ್ದು ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕ! ಜನವರಿ ಆರನೇ ತಾರೀಖಿನ ತನಕ ಇಡಬೇಕಕ್ಕ ಅದನ್ನ!"

ರಾಯಪ್ಪ ನನ್ನ ಕಡೆ ನೋಡಲೂ ಇಲ್ಲ. "ಟ್ರಂಕು ತುಂಬು" ಎಂದರು ಮಗಳಿಗೆ. "ಹುಟ್ಟಿದ ದಿನಾನ ಕೂಸನ್ನ ನೀರಿಗಿ ಹಾಕೋ ಮನ್ಯಾಗ ನೀನಿರೋದು ಬ್ಯಾಡ. ನಾಕರ ಬಸ್ಸಿಗಿ ಹೋಗೋಣ."

ಹುಡುಗಿ ತಲೆ ತಗ್ಗಿಸಿ ಗೂಟದ ಮೇಲಿನ ಸೀರೆ ತೆಗೆಯತೊಡಗಿದಳು. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮೇಲೆಯೇ ಬಂದ ಸಿಟ್ಟು, ಬಿದ್ದದ್ದು ಅವರ ಮೇಲೆ.

"ನಿಲ್ರಿ ಯಜಮಾನ್ರ! ತಪ್ಪು ಮಾಡಿದಾಕಿ ನಾನು. ಬೈಯೋದಿದ್ರ ನನ್ನ ಬೈರಿ. ಹತ್ತು ದಿನ ನಿದ್ದಿಗೆಟ್ಟು ಹಬ್ಬ ಮಾಡ್ಯಾಳ ನಿಮ್ಮ ಮಗಳು, ಆಕಿಗ್ಯಾಕ ಶಿಕ್ಷಾ? ನಿಮ್ಮ ಬಸ್ಸು ನಾಕಕ್ಕ. ಅಷ್ಟರಾಗ ನಿಮ್ಮ ಗೋದಲಿ ಇದ್ದಂಗ ಇರ್ತೈತಿ. ಇಲ್ಲಾಂದ್ರ ಆಕಿ ಟ್ರಂಕು ನಾನ ತಲಿಮ್ಯಾಲೆ ಹೊತ್ತು ಬಸ್ಸಿಗಿ ಹಾಕ್ತೀನಿ!"

ಉತ್ತರಕ್ಕೆ ಕಾಯದೆ ಹಿತ್ತಿಲಿಗೆ ನಡೆದೆ. ಬಾನಿಯಲ್ಲಿ ಕೈ ಹಾಕಿದರೆ ರಾಜರು, ಕುರಿಗಳು, ಎತ್ತು ಎಲ್ಲ ಕರಗಿ ಒಂದೇ ಮುದ್ದೆ. ಮೇಲೆತ್ತಿ, ಒಲೆಯ ಬೂದಿ ಕಲಸಿ ಗಟ್ಟಿ ಮಾಡಿ ನಾದಿದೆ. ಮೊದಲು ಕೂಸನ್ನು ತಟ್ಟಲು ಕೂತೆ.

ಸ್ವಲ್ಪ ಹೊತ್ತಿಗೆ ರಾಯಪ್ಪ ಹಿತ್ತಿಲ ಬಾಗಿಲಿಗೆ ಬಂದು ನಿಂತರು. "ಕೊನಿಗಿ ಮಾಡೋದು ಕೂಸು. ಮೊದಲು ದನ ಮಾಡಬೇಕು" ಎಂದರು, ಬಿಗಿಯಾದ ದನಿಯಲ್ಲಿ.

"ಕೂಸ ಇಲ್ಲಾಂದ್ರ ಉಳಿದೋರು ಯಾರನ್ನ ನೋಡಾಕ ಬರ್ತಾರ್ರಿ?" ಎಂದೆ, ತಲೆ ಎತ್ತದೆ.

ಅವರು ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದು, ಕಡೆಗೆ ಕೇಳಿದರು: "ನೀರಿಗಿ ಬಿಡುವಾಗ ಕಾಯಿ ಒಡೆದೆ ಅಂದ್ರಲ್ಲ. ಏನಂತ ಒಡೆದ್ರಿ?"

"ಏನಂತ ಒಡೀತೀವಿ? ಮುಂದಿನ ವರ್ಷ ಮತ್ತ ಬಾರಪ್ಪ ಅಂದೆ. ಮತ್ತ ನಿಮ್ಮ ಕೂಸಿನ ಮುಂದ ಒಂದು ಬೇಡ್ಕೊಂಡೆ. ನಮ್ಮ ಹುಡುಗಿನ್ನ ಅವರಪ್ಪ ಕರ್ಕೊಂಡು ಹೋಗದಂಗ ನೋಡ್ಕೋ ಅಂತ."

ಹಾಳಾದ್ದು, ಪರ ಊರಿನವರ ಮುಂದೆ ಕಣ್ಣಲ್ಲಿ ನೀರು! ಮಣ್ಣಿನ ಕೈಯಲ್ಲೇ ಒರೆಸಿಕೊಂಡೆ. ರಾಯಪ್ಪ ಆ ಬಿಳಿ ಪ್ಯಾಂಟಿನಲ್ಲೇ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಉಂಡೆ ಮಣ್ಣು ಎಳೆದುಕೊಂಡರು.

"ನೀವು ಎತ್ತು ಮಾಡ್ರಿ, ನಾ ಕತ್ತೆ ಮಾಡ್ತೀನಿ" ಎಂದರು.

ಎರಡು ಗಂಟೆ ಹೊತ್ತು ನಾವಿಬ್ಬರೂ ಜಗಳಾಡುತ್ತಲೇ ಮಾಡಿದೆವು. ರಾಜರಿಗೆ ಮೀಸೆ ಜಾಸ್ತಿಯಾಯಿತು ಎಂದು ಅವರು, ನಿಮ್ಮ ಕುರಿಗೆ ಮೈಯೇ ಇಲ್ಲ ಎಂದು ನಾನು. ಲೂರ್ದು ಒಳಗೆ ಕರ್ಜಿಕಾಯಿ ಕರಿಯುತ್ತ ಇಬ್ಬರ ಬಾಯಿಗೂ ಒಂದೊಂದು ತಂದಿಡುತ್ತಿದ್ದಳು. ಮೂರೂವರೆಗೆ ಹಸಿ ಮಣ್ಣಿನ ಗೋದಲಿ ಹಲಗೆ ಏರಿತು. ರಾಯಪ್ಪ ಕೂಸನ್ನು ತಾವು ಇಡದೆ ನನ್ನ ಕೈಗೆ ಕೊಟ್ಟರು. ಇಟ್ಟೆ. ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಮಗಳ ಕಡೆ ತಿರುಗಿದರು.

"ಟ್ರಂಕಿನ್ಯಾಗಿನ ಸೀರಿ ತೆಗೆದಿಡು. ನಾಳೆ ಸಾಲಿಗಿ ಯಾವುದು ಉಡ್ತಿ, ಅದನ್ನ ಇಸ್ತ್ರಿ ಮಾಡ್ಕೋ. ಬರೋ ವರ್ಷ ನಿಮ್ಮಮ್ಮನ್ನೂ ಕರ್ಕೊಂಡು ನಾವ ಇಲ್ಲಿಗೆ ಬರ್ತೀವಿ."

ಲೂರ್ದು ಅಪ್ಪನನ್ನು ತಬ್ಬಿಕೊಂಡು ಅತ್ತಳು. ನಾಲ್ಕರ ಬಸ್ಸಿಗೆ ಮಣ್ಣಾದ ಬಿಳಿ ಪ್ಯಾಂಟಿನ ರಾಯಪ್ಪ ಒಬ್ಬರೇ ಹತ್ತಿದರು.

ಮರುದಿನ ಒಂಬತ್ತೂವರೆಗೆ ಲೂರ್ದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಪಾಠದ ಪುಸ್ತಕ ಎದೆಗೊತ್ತಿಕೊಂಡು ಸಾಲೆಗೆ ಹೊರಟಳು. ಅವಳು ಓಣಿಯ ತಿರುವು ದಾಟುವ ತನಕ ನಾನು ಬಾಗಿಲಲ್ಲಿ ನಿಂತು ನೋಡಿದೆ. ಸಂಜೆ ಐದಕ್ಕೆ ವಾಪಸು ಬರುವವಳನ್ನು ಅಷ್ಟೊತ್ತು ಯಾಕೆ ನೋಡಬೇಕು? ಆದರೂ ನೋಡಿದೆ.