ಅಕ್ಕಿಕಾಳಿಗೆ ಮೊದಲು

ರೇವಮ್ಮ ಕೊಳಕೂರಿನಿಂದ ಟಂಟಂ ಆಟೊ ಹಿಡಿದು ಬಂದು, ಹೋದ ವಾರ ನಾನು ಮಾಡಿಕೊಟ್ಟ ಡಿವಿಡಿಯನ್ನು ಮೇಜಿನ ಮೇಲೆ ಇಟ್ಟಳು.

"ಇದು ಬ್ಯಾಡ ನಯೀಮ. ಹೊಳ್ಳಿ ಮಾಡಿಕೊಡು."

ಜೇವರ್ಗಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಸುವವರು ಆಗ ಬಹಳ ಮಂದಿ ಬರುತ್ತಿದ್ದರು. ಮಾಡಿದ ಕೆಲಸವನ್ನು ಹೊಳ್ಳಿ ಮಾಡು ಅಂದರೆ ನನಗೆ ನೆತ್ತಿ ಕಾಯುತ್ತದೆ.

"ಯಾಕ ಯವ್ವಾ? ಚಿತ್ರ ಬರಲಿಲ್ಲೇನು?"

"ಬರ್ತದ."

"ಧ್ವನಿ?"

"ಅದೂ ಬರ್ತದ."

"ಮತ್ಯಾಕ ನನ್ನ ತಲಿ ತಿಂತಿ?"

"ನಮ್ಮವರನ್ನ ಓಡಸಾಕತ್ತಾರ," ಅಂದಳು.

ಗಂಡನ ಹೆಸರು ಹೇಳುವ ಹೆಂಗಸಲ್ಲ ಅವಳು. ಮಾಳಿಂಗಪ್ಪ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಸತ್ತವನನ್ನು ಓಡಿಸುವುದೆಂದರೇನು ಎಂದು ನನಗೆ ತಿಳಿಯಲಿಲ್ಲ. ಡಿವಿಡಿಯನ್ನು ಪ್ಲೇಯರಿಗೆ ಹಾಕಿ ರಿಮೋಟನ್ನು ಅವಳ ಕೈಗೇ ಕೊಟ್ಟೆ.

ಮಗಳು ಜಯಮಾಲಾಳ ಮದುವೆ ಅದು. ರೇವಮ್ಮ ಗುಂಡಿ ಒತ್ತಿದಳು. ಒತ್ತಿದರೆ ನೇರವಾಗಿ ಮುಂದಿನ ಜಾಗಕ್ಕೆ ಜಿಗಿಯಲಿ ಎಂದು ಡಿವಿಡಿಯಲ್ಲಿ ಗುರುತು ಹಾಕುತ್ತೇವೆ, ಚಾಪ್ಟರ್ ಅಂತಾರೆ. ನಾನು ಕೈಯಿಂದ ಹಾಕಿರಲಿಲ್ಲ. ಕಂಪ್ಯೂಟರಿಗೆ ಬಿಟ್ಟಿದ್ದೆ, ಅದು ಐದೈದು ನಿಮಿಷಕ್ಕೊಂದು ಹಾಕಿಬಿಟ್ಟಿತ್ತು. ಅರಿಶಿಣವೋ ಊಟವೋ ಅದಕ್ಕೇನು ಗೊತ್ತು?

ಚಿತ್ರ ಜಿಗಿದು ಮಾಳಿಂಗಪ್ಪನ ಮೇಲೆ ನಿಂತಿತು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಮೊದಲು ತಾಳಿಯ ತಟ್ಟೆಯನ್ನು ಬಂದವರೆಲ್ಲ ಮುಟ್ಟಿ ಹರಸಬೇಕಲ್ಲ, ಆ ತಟ್ಟೆ ಹಿಡಿದು ಪೆಂಡಾಲಿನ ನಡುವೆ ಅವನು ನಡೆಯುತ್ತಿದ್ದ. ಹುಟ್ಟಿನಿಂದ ಅವನ ಎಡಗಾಲು ಗಿಡ್ಡ. ಹೆಜ್ಜೆ ಹೆಜ್ಜೆಗೂ ಒಂದು ಕಡೆ ವಾಲುತ್ತಿದ್ದ.

"ಎಲ್ಲಾರಿಗೂ ಅಕ್ಕಿಕಾಳು ನೋಡೂದಿರ್ತದ," ಅಂದಳು ರೇವಮ್ಮ. "ಗುಂಡಿ ಒತ್ತಿದ್ರ ಇಲ್ಲಿ ಬಂದು ನಿಂದರ್ತದ. ಆಮ್ಯಾಲ ಹಿಂಗ ಓಡಸ್ತಾರ."

ಇನ್ನೊಂದು ಗುಂಡಿಯನ್ನು ಒತ್ತಿ ಹಿಡಿದಳು. ಚಿತ್ರ ಓಡತೊಡಗಿತು. ಮಾಳಿಂಗಪ್ಪ ತಟ್ಟೆ ಹಿಡಿದುಕೊಂಡು ಟಣ್ ಟಣ್ ಕುಪ್ಪಳಿಸುತ್ತ ಈ ಸಾಲಿಗೊಮ್ಮೆ ಆ ಸಾಲಿಗೊಮ್ಮೆ ಹಾರಿದ.

ಹಿಂದಿನಿಂದ ನಗು ಕೇಳಿತು. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದು ಕುಳಿತಿದ್ದ ಅಂದೋಲಾದ ಜಗದೇವ.

"ಲೇ ಜಗದೇವ, ಹಲ್ಲು ಮುಚ್ಚಲೇ!" ಎಂದು ಒದರಿದೆ. "ಈಕಿ ಗಂಡ ಅಂವ. ಎದ್ದು ಹೋಗು ಹೊರಗ!"

"ಅವನ್ನ ಯಾಕ ಬೈತಿ?" ಅಂದಳು ರೇವಮ್ಮ. "ಓಡಸಿದ್ರ ಯಾರಿಗಾದ್ರೂ ನಗಿ ಬರ್ತದ. ನನ್ನ ಮೊಮ್ಮಕ್ಕಳೂ ನಕ್ಕಾವ. ಸಣ್ಣವು, ಅವಕ್ಕೇನು ತಿಳಿತದ? ಆದ್ರ ಪಂಚಮಿ ಹಬ್ಬಕ್ಕ ಮಣ್ಣೂರಿಂದ ಮಗಳು, ಅಳಿಯ, ಬೀಗರು ಎಲ್ಲಾ ಬರಾಕತ್ತಾರ. ಟಿವಿ ಮುಂದ ಕುಂದರ್ತಾರ. ಅವರೂ ನಕ್ರ ನಾ ಎದ್ದು ಎಲ್ಲಿ ಹೋಗ್ಲಿ? ಬದುಕಿದ್ದಾಗ ಒಂದಿನಾನೂ ಓಡಿದವರಲ್ಲ. ಬಸ್ಸು ಹೊಂಟ್ರೂ ಓಡ್ತಿರಲಿಲ್ಲ, ಇನ್ನೊಂದು ಬರ್ತದ ಬಿಡು ಅಂತಿದ್ರು."

ನಾನು ಕಂಪ್ಯೂಟರ್ ಮುಂದೆ ಕುಳಿತೆ. ಹಳೆಯ ಗುರುತುಗಳನ್ನೆಲ್ಲ ಅಳಿಸಿದೆ. ಅರಿಶಿಣಕ್ಕೊಂದು, ಸುರಗಿ ಸ್ನಾನಕ್ಕೊಂದು, ಊಟಕ್ಕೊಂದು ಹಾಕಿದೆ. ಅಕ್ಕಿಕಾಳಿನ ಮೊದಲ ಕಾಳು ಮೇಲೆ ಹಾರುವಲ್ಲಿ ಸರಿಯಾಗಿ ಒಂದು ಹಾಕಿ ಹೇಳಿದೆ, "ಇನ್ನ ಅಕ್ಕಿಕಾಳು ಬೇಕಾದವರು ನೇರ ಇಲ್ಲಿಗೇ ಬರ್ತಾರ ಯವ್ವಾ. ಯಾರೂ ಅವನ್ನ ಓಡಸಂಗಿಲ್ಲ."

ಅವಳ ಮುಖ ಅರಳಲಿಲ್ಲ.

"ಅಂದ್ರ ಅವರನ್ನ ಯಾರೂ ನೋಡಂಗಿಲ್ಲ."

ಸಿಟ್ಟು ಮತ್ತೆ ಏರಿತು. "ಓಡಸಿದ್ರೂ ಬ್ಯಾಡ, ದಾಟಿದ್ರೂ ಬ್ಯಾಡ! ಮಂದಿ ಕೈ ಕಟ್ಟಿ ಕುಂದ್ರಸಿ ತೋರ್ಸಲೇನು?"

"ಅವರಿಗೂ ಒಂದು ಹಾಕು. ತಟ್ಟಿ ಎತ್ತಿದಲ್ಲಿ."

ಹಾಕಿದೆ. ಸರಿಯಾಗಿ ಕುಳಿತಿದೆಯೋ ನೋಡಲೆಂದು ಅಲ್ಲಿಂದ ಟಿವಿಗೆ ಬಿಟ್ಟೆ, ಈ ಸಲ ಓಡಿಸದೆ. ಮಾಳಿಂಗಪ್ಪ ತಟ್ಟೆ ಎತ್ತಿಕೊಂಡು ಮೊದಲ ಸಾಲಿಗೆ ಬಂದ. ಕ್ಯಾಮೆರಾದವನು ತಟ್ಟೆಯ ಹಿಂದೆಯೇ ಇದ್ದ. ಒಂದು ಕೈ ತಾಳಿ ಮುಟ್ಟಿತು, ಮೇಲೆ ಒಂದು ಮುಖ ಬಂತು. ಇನ್ನೊಂದು ಕೈ, ಇನ್ನೊಂದು ಮುಖ. ಮಾಳಿಂಗಪ್ಪ ಯಾರನ್ನೂ ಬಿಡಲಿಲ್ಲ. ಕಂಬದ ಹಿಂದೆ ಒಬ್ಬಳೇ ಕುಳಿತಿದ್ದ ಮುದುಕಿಯ ತನಕ ವಾಲುತ್ತ ಹೋಗಿ, ಬಾಗಿ ತಟ್ಟೆ ಹಿಡಿದ.

"ನಮ್ಮ ನಿಂಬೆವ್ವ ಅತ್ತಿ," ಅಂದಳು ರೇವಮ್ಮ ಮೆಲ್ಲಗೆ. "ಹ್ವಾದ್ಲು ಪಾಪ."

ಬೈಸಿಕೊಂಡರೂ ಜಗದೇವ ಹೊರಗೆ ಹೋಗಿರಲಿಲ್ಲ. ದಢಕ್ಕನೆ ಎದ್ದು ನಿಂತ.

"ನಿಲ್ಲಸ್ರಿ, ನಿಲ್ಲಸ್ರಿ! ಟೊಪಗಿ ಹಾಕ್ಯಾನಲ್ಲ, ನಮ್ಮಪ್ಪರೀ ಅಂವ!"

ನಿಲ್ಲಿಸಿದೆ. ಟೊಪ್ಪಿಗೆಯ ಮನುಷ್ಯ ತಾಳಿ ಮುಟ್ಟಿದ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಪಕ್ಕದ ಊರುಗಳಿಂದಲೂ ಮದುವೆಗೆ ಮಂದಿ ಬಂದಿದ್ದರು.

"ಇಷ್ಟ ಕರಿ ಮೀಸಿ ನಾ ನೋಡೇ ಇಲ್ಲ," ಅಂದ ಜಗದೇವ. "ಇದ್ದಾಗ ಒಂದು ಫೋಟೋ ತೆಗಿಸಲಿಲ್ಲರಿ ಮುದುಕ. ಮನ್ಯಾಗ ಹಾರ ಹಾಕಾಕ ಏನೂ ಇಲ್ಲ."

ಟಿವಿಯ ಹತ್ತಿರ ಹೋಗಿ ನಿಂತ. ಅಲ್ಲಿಂದ ಕದಲಲಿಲ್ಲ.

"ನನಗೂ ಒಂದು ಡಿವಿಡಿ ಬೇಕು ನಯೀಮಣ್ಣ. ಅಪ್ಪ ಬರೋ ಜಾಗಕ್ಕ ಒಂದು ಗುರುತು ಹಾಕಿಕೊಡ್ರಿ, ಒತ್ತಿದ ಕೂಡ್ಲೆ ಬರಬೇಕು."

ಅದೇನು ದೊಡ್ಡ ಕೆಲಸ ಎಂದು ನಾನು ಮೌಸಿಗೆ ಕೈ ಹಾಕಿದೆ. ರೇವಮ್ಮ ನನ್ನ ಮಣಿಕಟ್ಟು ಹಿಡಿದಳು.

"ಹಾಕಬ್ಯಾಡ."

"ಯಾಕಬೇ ದೊಡ್ಡವ್ವ?" ಅಂದ ಜಗದೇವ. "ನಕ್ಕಿದ್ದಕ್ಕ ಸಿಟ್ಟೇನು?"

"ಸಿಟ್ಟಿಲ್ಲೋ ಮಗನ. ಡಿವಿಡಿ ಒಯ್ಯಿ, ಬ್ಯಾಡನ್ನಂಗಿಲ್ಲ. ಆದ್ರ ನಿಮ್ಮಪ್ಪನ ತನಕ ನಮ್ಮವರ ಕೂಡ ನಡಕೋತ ಹೋಗು. ಅವರು ಹಂಗ ಹೋಗೇ ಅವನ ತನಕ ಮುಟ್ಟಿದ್ದು."

ಜಗದೇವ ನನ್ನ ಮುಖ ನೋಡಿದ. ನಾನು ಮೌಸು ಬಿಟ್ಟೆ.

"ಮಣ್ಣೂರವರೂ ಅದರಾಗ ಅದಾರ," ಅಂದಳು ರೇವಮ್ಮ, ಯಾರಿಗೋ ಹೇಳುವಂತೆ. "ಬೀಗರ ಅವ್ವ ಅದಾಳ, ಅಳಿಯನ ಕಾಕಾ ಅದಾನ. ಎಲ್ಲಾರೂ ಕಡೀ ಸಾಲಿನ್ಯಾಗ. ಓಡಸಿದ್ರ ಸಿಗಂಗಿಲ್ಲ."

ಕುರ್ಚಿಯನ್ನು ಟಿವಿಯ ಕಡೆ ಎಳೆದುಕೊಂಡಳು.

"ಮುಂದ ಬಿಡು ನಯೀಮ. ಅವರು ಇನ್ನೂ ಹೆಣ್ಮಕ್ಕಳ ಕಡೆ ಹೋಗೂದು ಅದ."